ಚಂದ್ರಬಾಯಿ ಕೆಲಸ ಬಿಡಲಿಲ್ಲ

ಬೆಳಗಾಗುತ್ತಲೇ ಪಕ್ಕದ ಮನೆಯಿಂದ ಬಿಸಿ ಜೋಳದ ರೊಟ್ಟಿ ಬಂದರೆ ಬೇಡ ಎನ್ನುವವರು ಯಾರು? ನಾವೂ ಎನ್ನಲಿಲ್ಲ. ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿರುವ ನಮ್ಮ ವಠಾರದಂಥ ಚಾಳಿನಲ್ಲಿ ಸುಮಾರು ದಿನಗಳಿಂದ ಇದೇ ನಡೆದಿತ್ತು. ಚಂದ್ರಬಾಯಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುವಳು. ತನ್ನ ಮನೆಗೆ ಆಗಿ ಉಳಿದದ್ದನ್ನು ನಮಗೆ, ಎದುರು ಮನೆಗೆ, ನಲ್ಲಿ ಹತ್ತಿರದ ಮನೆಗೆ ಹಂಚುವಳು. ನನ್ನ ಗಂಡನಿಗಂತೂ ಹಬ್ಬ. ನಾನು ಮಾತ್ರ ತಲೆಯಲ್ಲಿ ಹುಳ ಬಿಟ್ಟುಕೊಂಡೆ. ಕೆಲಸದ ಜಾಗದಲ್ಲಿ ರೊಟ್ಟಿ ಬಡಿದು ಬಡಿದು ಸಾಕಾದ ಹೆಂಗಸು ಮನೆಯಲ್ಲೂ ಯಾಕೆ ಇಷ್ಟು ಬಡಿಯುತ್ತಾಳೆ?

ನಾನು ಜ್ಯೋತಿ, ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮಪ್ಪ ಕಲಬುರಗಿ ಕಡೆಯಿಂದ ಬಂದವರು, ನಾನು ಇಲ್ಲೇ ಮಹಾರಾಷ್ಟ್ರದಲ್ಲಿ ಹುಟ್ಟಿದವಳು. ನನ್ನ ಬಾಯಿ ಜೋರು ಎಂದು ಚಾಳಿನಲ್ಲಿ ಎಲ್ಲರೂ ಹೇಳುತ್ತಾರೆ. ವಾರ್ಡಿನಲ್ಲಿ ಮೆತ್ತಗೆ ಮಾತಾಡುತ್ತ ಕುಳಿತರೆ ಕೆಲಸ ಸಾಗುವುದಿಲ್ಲ, ಅಷ್ಟೇ.

ಚಂದ್ರಬಾಯಿ ಡೊಂಬಿವಲಿಯ ಒಂದು ಪೋಳಿ-ಭಾಜಿ ಕೇಂದ್ರದಲ್ಲಿ ಕೆಲಸಕ್ಕಿದ್ದಾಳೆ. ಚಪಾತಿ, ರೊಟ್ಟಿ, ಪಲ್ಯ ಮಾಡಿ ಮಾರುವ ಅಂಗಡಿ ಅದು. ಬೆಳಿಗ್ಗೆ ಆಫೀಸಿನವರ ಡಬ್ಬಾ, ಸಂಜೆ ಲೋಕಲ್ ರೈಲು ಇಳಿದು ಮನೆಗೆ ಹೋಗುವವರ ಸಾಲು. ಯಜಮಾನಿ ಜಲಜಾಕ್ಷಿ, ಉಡುಪಿ ಕಡೆಯವರು. ಅಲ್ಲಿ ರೊಟ್ಟಿಗೆ ಇಬ್ಬರ ಜೋಡಿ. ಒಬ್ಬಳು ಹಲಗೆಯ ಮುಂದೆ ಕೂತು ಬಡಿಯಬೇಕು, ಇನ್ನೊಬ್ಬಳು ಒಲೆಯ ಮುಂದೆ ನಿಂತು ಬೇಯಿಸಬೇಕು. ಹಲಗೆಯವಳಿಗೆ ಮರ್ಯಾದೆ ಹೆಚ್ಚು. ಹೊಸಬರನ್ನು ಒಲೆಗೆ ನಿಲ್ಲಿಸುತ್ತಾರೆ, ಈಗ ಅಲ್ಲಿ ನಿಲ್ಲುವವಳು ಮಾಲಾ. ಚಂದ್ರಬಾಯಿ ಬಹಳ ವರ್ಷಗಳಿಂದ ಹಲಗೆಯವಳು. ‘ಚಂದ್ರಬಾಯಿಯ ಕೈಯ ಭಾಕ್ರಿ ಇದೆಯಾ’ ಎಂದು ಕೇಳಿಕೊಂಡು ಬರುವ ಗಿರಾಕಿಗಳಿದ್ದಾರೆ. ಭಾಕ್ರಿ ಎಂದರೆ ಮರಾಠಿಯಲ್ಲಿ ನಮ್ಮ ರೊಟ್ಟಿ.

ಒಂದು ದಿನ ನಮ್ಮ ಪಾಲಿನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕೈಯಲ್ಲಿ ಬಡಿದ ರೊಟ್ಟಿಯ ಮೇಲೆ ಬೆರಳಿನ ಗುರುತು ಇರಬೇಕು. ಇದರ ಮೇಲೆ ಇದ್ದದ್ದು ಅಂಗೈಯ ಗುರುತು ಮಾತ್ರ. ರೊಟ್ಟಿ ಅಲ್ಲೇ ಇಟ್ಟು ಅವಳ ಮನೆಗೆ ಹೋದೆ.

“ಚಂದ್ರಕ್ಕ, ಕೈ ತೋರ್ಸು.”

“ಯಾಕ, ಭವಿಷ್ಯ ಹೇಳ್ತಿ ಏನು?”

“ಹೇಳ್ತೀನಿ, ತೋರ್ಸು ಮೊದಲ.”

ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ನಾನೇ ಎಳೆದು ನೋಡಿದೆ. ಎರಡೂ ಕೈಯ ಬೆರಳಿನ ಗೆಣ್ಣು ಊದಿದ್ದವು, ಮಣಿಕಟ್ಟು ಬೆಚ್ಚಗಿತ್ತು. ಮುಷ್ಟಿ ಕಟ್ಟು ಎಂದರೆ ಅರ್ಧಕ್ಕೇ ನಿಂತಿತು.

“ಎಂದಿನಿಂದ ಇದು?”

“ದೀಪಾವಳಿ ಹಿಂದಿನಿಂದ. ಮುಂಜಾನಿ ಎದ್ರ ಬೆರಳು ಕಟಗಿ ಆಗಿರ್ತಾವ ನೋಡು. ಬಿಸಿಲು ಏರೂತನ ಮಡಚಾಕ ಬರಲ್ಲ. ಬಡಿದ್ರ ಸಡಲ ಆಗ್ತಾವ ಅಂತ ಮನ್ಯಾಗ ಮೊದಲ ಬಡೀತೀನಿ. ಡೊಂಬಿವಲಿ ಮುಟ್ಟೂದ್ರಾಗ ಕೈ ನಡೀಲತ್ತಾವ. ಅಲ್ಲಿ ಯಾರಿಗೂ ಗೊತ್ತಿಲ್ಲ.”

ನೋವಿನ ಕೈಯನ್ನು ಕೆಲಸಕ್ಕೆ ತಯಾರು ಮಾಡಲು ಅದೇ ಕೈಯಿಂದ ಮತ್ತಷ್ಟು ಕೆಲಸ. ರೊಟ್ಟಿ ಬಡಿಯುವವರಿಗೆ ಬಿಟ್ಟು ಬೇರೆ ಯಾರಿಗೂ ಇಂಥ ಮದ್ದು ಹೊಳೆಯುವುದಿಲ್ಲ.

“ಕೈ ಆಡಿಸಬೇಕು, ಅದು ಖರೇ,” ಎಂದೆ. “ಬೆಚ್ಚನ ನೀರಾಗ ಇಟ್ಟು ಮೆಲ್ಲಕ ಮಡಚು, ಬಿಚ್ಚು. ಬಾವು ಬಂದ ಕೀಲಿಲೆ ಹಲಗಿ ಬಡಿದ್ರ ಬಾವು ಏರ್ತದ. ನೀ ಮುಂಜಾನಿಂದ ಅದನ್ನೇ ಮಾಡ್ಲತ್ತಿ.”

ಅಷ್ಟರಲ್ಲಿ ಅವಳ ಗಂಡ ಸೈದಪ್ಪ ಒಳಗೆ ಬಂದ. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕೆಲಸ ಅವನದು. ಮನುಷ್ಯ ಒಳ್ಳೆಯವನು, ಆದರೆ ತನಗೆ ಗೊತ್ತಿಲ್ಲದ ವಿಷಯ ಇಲ್ಲ ಎಂದುಕೊಂಡವನು.

“ಅದು ವಾಯು, ಜ್ಯೋತಿ. ಬ್ಯಾಳಿ, ಬದನಿಕಾಯಿ, ಬಟಾಟಿ ಎಲ್ಲಾ ಬಿಡಿಸೀನಿ. ತಾನೇ ಹೋಗ್ತದ.”

“ಬಿಡಿಸಿ ಎಷ್ಟು ದಿನಾತು ಮಾಮಾ? ಹೋಯ್ತೇನು?”

ಅವನು ಮಾತು ಬದಲಿಸಿದ. “ಕೀಲುಬ್ಯಾನಿ ಮುದುಕರಿಗಿ ಬರೂದು. ಈಕಿಗಿ ಇನ್ನಾ ವಯಸ್ಸೇ ಆಗಿಲ್ಲ.”

“ವಯಸ್ಸಾಗಿ ಕೀಲು ಸವೆಯೂದು ಒಂದು ಥರ. ಇನ್ನೊಂದು ಥರ ಅದ. ರೋಗದ ಸಂಗಡ ಹೊಡದಾಡೋ ಶಕ್ತಿ ನಮ್ಮ ಮೈಯಾಗ ಇರ್ತದಲ್ಲ, ಅದು ದಾರಿ ತಪ್ಪಿ ನಮ್ಮ ಕೀಲಿಗೇ ಹೊಡೀತದ. ಹರೇದವ್ರಿಗೂ ಬರ್ತದ, ಹೆಣ್ಮಕ್ಕಳಿಗಿ ಜಾಸ್ತಿ. ಎರಡೂ ಕೈಯಾಗ ಬಾವು, ಮುಂಜಾನಿ ಬಹಳ ಹೊತ್ತು ಬಿಗಿ, ಸುಮ್ಮ ಕುಂತ್ರೂ ದಣಿವು, ಹಿಂಗ ಇದ್ರ ತಡ ಮಾಡಬಾರದು. ತಡ ಮಾಡಿದ್ರ ಬೆರಳು ಸೊಟ್ಟ ಆಗ್ತಾವ, ಆಮ್ಯಾಲ ನೆಟ್ಟಗ ಆಗೂದಿಲ್ಲ. ಅದೇ ಅದ ಅಂತ ನಾ ಹೇಳಾಂಗಿಲ್ಲ. ಡಾಕ್ಟರ್ ಹೇಳ್ಲಿ.”

ಚಂದ್ರಬಾಯಿ ಒಲೆ ಆರಿಸಿದಳು. “ಡಾಕ್ಟರ್ ಬ್ಯಾಡ, ಏನೂ ಬ್ಯಾಡ. ಈ ತಿಂಗಳ ಆಖರಿಗಿ ಕೆಲಸಾನೇ ಬಿಡ್ತೀನಿ. ಊರಾಗ ಅತ್ತಿಗಿ ಆರಾಮಿಲ್ಲ ಅಂತ ಅಂಗಡಿ ಬಾಯಾರಿಗಿ ಹೇಳ್ತೀನಿ. ರೊಟ್ಟಿ ಒಡದು ಬರ್ಲತ್ತಾವ. ಅವರು ಹಲಗಿ ಮುಂದಿಂದ ಎಬ್ಬಸೂಕಿಂತ ಮೊದಲ ನಾನೇ ಎದ್ದು ಬರೂದು ಚಲೋ.”

ಊರಲ್ಲಿ ಅವಳು ಯಾರದೋ ಸೊಸೆ, ಚಾಳಿನಲ್ಲಿ ಯಾರದೋ ಹೆಂಡತಿ. ಆ ಕೇಂದ್ರದಲ್ಲಿ ಮಾತ್ರ ಅವಳು ಚಂದ್ರಬಾಯಿ. ಕೆಲಸ ಬಿಟ್ಟರೆ ಆ ಹೆಸರೂ ಹೋಗುತ್ತದೆ.

ಬೈದು, ಒಲಿಸಿ, ಮತ್ತೆ ಬೈದು ಕೊನೆಗೆ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆಯಾಯಿತು, ಕೈಯ ಎಕ್ಸ್‌ರೇ ಆಯಿತು. ಕೀಲುರೋಗದ ತಜ್ಞರು ನೋಡಿ ಇದು ರುಮಟಾಯ್ಡ್ ಆರ್ಥರೈಟಿಸ್, ಅಂದರೆ ಒಂದು ಬಗೆಯ ಸಂಧಿವಾತ ಎಂದರು. “ಬಹಳ ಹಾಳಾಗುವ ಮೊದಲೇ ಬಂದಿದ್ದೀರಿ, ಒಳ್ಳೆಯದಾಯಿತು,” ಎಂದು ಹಿಂದಿಯಲ್ಲಿ ಹೇಳಿದರು. ಔಷಧಿ ಹಿಡಿಯಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ನೋವು ಇಳಿಯಿತು ಎಂದು ತಾವಾಗಿ ನಿಲ್ಲಿಸಬಾರದು. ಕರೆದಾಗಲೆಲ್ಲ ಬಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇಳೆ ತಿನ್ನಬಹುದು. ಅದನ್ನು ಕೇಳಿ ಸೈದಪ್ಪನ ಮುಖ ಸಣ್ಣದಾಯಿತು.

“ಕೆಲಸ ಬಿಡ್ಲಿ ಏನ್ರಿ?” ಎಂದು ಚಂದ್ರಬಾಯಿ ಕೇಳಿದಳು. ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರು ತಲೆಯಾಡಿಸಿದರು. ಕೆಲಸ ಬಿಡಬೇಡಿ, ಕೆಲಸ ಮಾಡುವ ರೀತಿ ಬದಲಿಸಿ ಎಂದರು.

ವಾರ ಕಳೆಯುವುದರೊಳಗೆ ಸೈದಪ್ಪನ ತಾಳ್ಮೆ ಮುಗಿಯಿತು. ಒಂದು ಸಂಜೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಹೆಂಡತಿಯ ಕೈಗಿಟ್ಟ. ನಾನೂ ಅಲ್ಲೇ ಕೂತಿದ್ದೆ.

“ನಮ್ಮ ಸಂಗಡ ಮೂಟಿ ಹೊರೂ ಮಾನಪ್ಪ ಇದನ್ನೇ ನುಂಗ್ತಾನ. ಮಣಕಾಲು ಹಿಡಕೊಂಡು ಮಲಗಿದ್ದ, ಮರುದಿನಾನೇ ಎದ್ದು ಕೆಲಸಕ್ಕ ಬಂದ. ನಿಮ್ಮ ಆಸ್ಪತ್ರಿ ಗುಳಿಗಿ ಏನ್ ಮಾಡ್ಯಾವ?”

“ಇದರ ಹೆಸರು ಓದು ಮಾಮಾ.”

ಪೊಟ್ಟಣ ತಿರುಗಿಸಿ ನೋಡಿದ. ಏನೂ ಬರೆದಿರಲಿಲ್ಲ.

“ಮಾನಪ್ಪನ ಮಾರಿ ಈಗ ಹ್ಯಾಂಗದ?”

“ಉಬ್ಬ್ಯಾದ. ಮೈ ಕೈ ತುಂಬ್ಕೊಂಡಾನ ಅಂತ ನಾವೆಲ್ಲಾ ಚಾಷ್ಟಿ ಮಾಡ್ತೀವಿ.”

“ಅದು ಮೈ ತುಂಬಿದ್ದಲ್ಲ. ಹೆಸರಿಲ್ದ ಇಂಥ ಗುಳಿಗ್ಯಾಗ ಬಹಳ ಸಲ ಸ್ಟಿರಾಯ್ಡ್ ಕಲಸಿರ್ತಾರ. ಅದು ಔಷಧಾನೇ, ಡಾಕ್ಟರೂ ಒಮ್ಮೊಮ್ಮೆ ಕೊಡ್ತಾರ, ಆದ್ರ ಅಳತಿ ನೋಡಿ. ಲೆಕ್ಕಿಲ್ದ ನುಂಗಿದ್ರ ಎಲುಬು ಟೊಳ್ಳ ಆಗ್ತಾವ, ಶುಗರ್ ಏರ್ತದ, ಮಾರಿ ಬಾವ್ತದ. ಮಾನಪ್ಪಗ ಹೇಳು, ಒಮ್ಮೆಲೆ ಬಿಡೂದೂ ಅಪಾಯ. ಪೊಟ್ಟಣ ತಗೊಂಡೇ ಡಾಕ್ಟರ್ ಹಂತೇಲಿ ಬರ್ಲಿ.”

ಚಂದ್ರಬಾಯಿ ಪೊಟ್ಟಣವನ್ನು ಗಂಡನ ಜೇಬಿಗೆ ವಾಪಸು ತುರುಕಿದಳು.

ಇನ್ನು ಉಳಿದದ್ದು ಜಲಜಾಕ್ಷಿಯವರಿಗೆ ಹೇಳುವುದು. ನನಗೆ ರಜೆಯಿದ್ದ ದಿನ ಇಬ್ಬರೂ ಡೊಂಬಿವಲಿಗೆ ಹೊರಟೆವು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಂತು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದೆ. “ಏನು ಆಗಲ್ಲ ಅಂತ ಅಳಬ್ಯಾಡ. ನಿನ್ನಿಂದ ಏನು ಆಗ್ತದ, ಯಾವಾಗ ಆಗ್ತದ, ಅದನ್ನ ಹೇಳು.” ಅವಳು ಹೂಂ ಎಂದಳು. ಆದರೆ ಕೇಂದ್ರದ ಮೆಟ್ಟಿಲು ಹತ್ತುತ್ತಿದ್ದಂತೆ ಅವಳ ಬಾಯಿಂದ ಬಂದದ್ದೇ ಬೇರೆ.

“ಬಾಯಾರೇ, ಊರಾಗ ನಮ್ಮ ಅತ್ತಿಗಿ...”

“ಎಂತ ಆಯ್ತು ಅತ್ತೆಗೆ?” ಜಲಜಾಕ್ಷಿ ಕೈಯೊರೆಸಿಕೊಂಡು ಬಂದರು. “ನೀನು ಬೇರೆ ಕಡೆ ಕೆಲಸ ನೋಡಿದ್ದಿ ಅಂತ ನಾನು ಎಣಿಸಿದ್ದು. ಭಾಕ್ರಿ ಒಡೆದು ಬರ್ತಾ ಉಂಟು, ನಿನ್ನ ಮನಸ್ಸು ಇಲ್ಲಿಲ್ಲ. ಇದ್ದದ್ದು ಹೇಳು ಮಾರಾಯ್ತಿ.”

ಚಂದ್ರಬಾಯಿ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಇದು ಅವಳೇ ಹೇಳಬೇಕಾದ ಮಾತು. ಅವಳು ಸೆರಗಿನಿಂದ ಎರಡೂ ಕೈ ಹೊರತೆಗೆದು ಕೌಂಟರಿನ ಮೇಲೆ ಇಟ್ಟಳು.

“ಅತ್ತಿ ಆರಾಮ ಇದ್ದಾಳ್ರಿ. ನಂಗೇ ಬ್ಯಾನಿ ಅದ.”

ಒಂದೊಂದಾಗಿ ಎಲ್ಲ ಹೇಳಿದಳು. ಜಲಜಾಕ್ಷಿ ಆ ಬೆರಳುಗಳನ್ನು ಬಗ್ಗಿ ನೋಡಿದರು. ಮನಸ್ಸು ಕರಗಿದ್ದು ಮುಖದಲ್ಲಿ ಕಂಡಿತು. ಆದರೆ ಅಂಗಡಿ ನಡೆಸುವವರು ಅವರು.

“ಪಾಪ ಅಂತ ಕಾಣ್ತದೆ, ಸುಳ್ಳು ಹೇಳುದಿಲ್ಲ. ಆದ್ರೆ ಬೆಳಿಗ್ಗೆ ಡಬ್ಬಾ ಹೊತ್ತಿಗೆ ಸರಿಯಾಗಿ ಹೋಗ್ಬೇಕಲ್ಲ. ಆಗ ನಿನ್ನ ಕೈ ಏಳುದಿಲ್ಲ ಅಂದ್ರೆ ನಾನು ಎಂತ ಮಾಡುದು?”

“ಮುಂಜಾನಿ ಬ್ಯಾಡ್ರಿ. ಸಂಜಿ ಪಾಳಿ ಕೊಡ್ರಿ. ಮಧ್ಯಾನ ಆದ ಮ್ಯಾಲ ನನ್ನ ಕೈ ಸಡಲ ಇರ್ತಾವ. ಒಂದಿಷ್ಟು ನಾ ಬಡೀತೀನಿ, ಒಂದಿಷ್ಟು ಮಾಲಾ ಬಡೀಲಿ. ಆಕಿ ಬಡಿಯೋವಾಗ ನಾ ಒಲಿ ಮುಂದ ಇರ್ತೀನಿ. ಹಿಟ್ಟಿನ ಪಾತೇಲಿ ಎತ್ತೂದು ಮಾತ್ರ ನನ್ನಿಂದ ಆಗಲ್ರಿ.”

“ನೀನು ಒಲೆಗೆ ನಿಲ್ತಿಯಾ?” ಜಲಜಾಕ್ಷಿಗೆ ನಿಜವಾಗಿ ಆಶ್ಚರ್ಯವಾಯಿತು.

“ನಿಲ್ತೀನ್ರಿ.” ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

“ಮಾಲಾಳ ಭಾಕ್ರಿ ಮಹಾರಾಷ್ಟ್ರದ ಮ್ಯಾಪ್ ಹಾಗೆ ಇರ್ತದೆ. ಗಿರಾಕಿಗೆ ಕೊಡ್ಲಿಕ್ಕೆ ಆಗ್ತದಾ?”

“ನಾ ಕಲಸ್ತೀನ್ರಿ. ಕೈ ಬ್ಯಾನಿ ಅದ, ಬಾಯಿ ಚಲೋ ಅದಲ್ರಿ.”

ಜಲಜಾಕ್ಷಿ ನಕ್ಕುಬಿಟ್ಟರು. “ಆಯ್ತು, ಒಂದು ತಿಂಗಳು ನೋಡುವ. ಸರಿ ಹೋಗದಿದ್ರೆ ಮತ್ತೆ ಕೂತು ಮಾತಾಡುವ. ಆದ್ರೆ ಇನ್ನು ಅಡಗಿಸಿ ಇಡ್ಬೇಡ. ನೋವು ಇದ್ದ ದಿನ ನೋವು ಅಂತ ಹೇಳು. ಗೊತ್ತಿದ್ರೆ ನಾನು ಆಚೆ ಈಚೆ ಮಾಡಿಕೊಳ್ತೇನೆ. ಗೊತ್ತಿಲ್ಲದಿದ್ರೆ ನಾನೂ ಮುಳುಗ್ತೇನೆ.”

ಆ ತಿಂಗಳು ಸುಲಭವಾಗಿರಲಿಲ್ಲ, ಸುಳ್ಳೇಕೆ ಹೇಳಲಿ. ಮಾಲಾ ಕಲಿಯುವಾಗ ಎಷ್ಟೋ ರೊಟ್ಟಿ ಹಾಳಾದವು. ಚಂದ್ರಬಾಯಿ ಎರಡು ಸಲ ಅತ್ತಳು. ಆದರೆ ಔಷಧಿ ಬಿಡಲಿಲ್ಲ. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಕೈ ಆಡಿಸುವುದನ್ನೂ ಬಿಡಲಿಲ್ಲ. ಇಕ್ಕಳದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು, ಬೆರಳು ಬಿಗಿ ಹಿಡಿಯುವುದು ತಪ್ಪಿತು. ಮಳೆಗಾಲ ಶುರುವಾಗುವ ಹೊತ್ತಿಗೆ ಬಾವು ಇಳಿದಿತ್ತು, ಮುಷ್ಟಿ ಪೂರ್ತಿ ಮುಚ್ಚುತ್ತಿತ್ತು. ಸೈದಪ್ಪ ನನ್ನೆದುರು ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ಮಾನಪ್ಪನನ್ನು ತೋಳು ಹಿಡಿದು ನಮ್ಮ ಆಸ್ಪತ್ರೆಗೆ ಕರೆತಂದ. “ಪೊಟ್ಟಣಾನೂ ತಂದಾನ ನೋಡು,” ಎಂದ. ನನಗೆ ಅಷ್ಟು ಸಾಕಾಯಿತು.

ಮೊನ್ನೆ ಡ್ಯೂಟಿ ಮುಗಿಸಿ ಕೇಂದ್ರಕ್ಕೆ ಹೋಗಿದ್ದೆ. ಲೋಕಲ್ ಆಗಷ್ಟೇ ಖಾಲಿಯಾಗಿ ಕೌಂಟರಿನ ಮುಂದೆ ಜನ ಒತ್ತೊತ್ತಾಗಿ ನಿಂತಿದ್ದರು. ಚಂದ್ರಬಾಯಿ ಹಲಗೆಯ ಮುಂದೆ ಕೂತಿದ್ದಳು. ನಡುವೆ ಒಮ್ಮೆ ಕೈ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಬಾಯಾರೇ, ಇವತ್ತು ಬೆರಳು ಬ್ಯಾನಿ ಆಗ್ಲತ್ತಾವ. ನಾ ಒಲಿಗಿ ಹೋಗ್ತೀನಿ.”

“ಹೋಗು. ಮಾಲಾ, ನೀನು ಕೂತ್ಕೋ,” ಎಂದರು ಜಲಜಾಕ್ಷಿ, ಪಲ್ಯ ಕಟ್ಟುತ್ತ.

ಮಾಲಾ ಕೂತಳು, ಚಂದ್ರಬಾಯಿ ಎದ್ದಳು. ಯಾರೂ ಕೆಲಸ ನಿಲ್ಲಿಸಲಿಲ್ಲ, ಯಾರೂ ತಿರುಗಿ ಸಹ ನೋಡಲಿಲ್ಲ. ಯಾವ ಮಾತನ್ನು ಆಡಲು ಹೆದರಿ ಅವಳು ಕೆಲಸವನ್ನೇ ಬಿಡಲು ಹೊರಟಿದ್ದಳೋ ಆ ಮಾತು ಅಷ್ಟೇ ಇತ್ತು. ನನಗೆ ಕಣ್ಣು ತುಂಬಿ ಬಂತು, ರೊಟ್ಟಿ ತೆಗೆದುಕೊಳ್ಳುವುದನ್ನೇ ಮರೆತು ನಿಂತೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವು ಹೊಲಿಗೆ ಮಿಷನ್ ತುಳಿಯುವವರೋ, ಹೋಟೆಲಿನಲ್ಲಿ ಹಿಟ್ಟು ಕಲಸುವವರೋ, ನೆರೂಳದ ಆಫೀಸಿನಲ್ಲಿ ಕೀಬೋರ್ಡ್ ಒತ್ತುವವರೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ನಿಮ್ಮ ಕೈ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿರುತ್ತದೆಯೇ? ಕೀಲಿನಲ್ಲಿ ಬಾವು ಇಳಿಯದೆ ವಾರಗಳಾದವೇ? ಹತ್ತಿರದ ಆಸ್ಪತ್ರೆಗೆ ಹೋಗಿ, ಈ ವಾರವೇ ಹೋಗಿ. ಹೆಸರಿಲ್ಲದ ಪೊಟ್ಟಣ ನುಂಗಬೇಡಿ, ಕೊಟ್ಟ ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ. ರಾಜೀನಾಮೆಯ ಮಾತು ಆಮೇಲೆ. ಮೊದಲು ನಿಮ್ಮ ಯಜಮಾನರ ಮುಂದೆ ಹೋಗಿ, ನಿಮ್ಮಿಂದ ಏನು ಆಗುತ್ತದೆ ಎಂದು ಹೇಳಿ. ಎಲ್ಲರೂ ಒಪ್ಪುತ್ತಾರೆ ಎಂದು ನಾನು ಆಣೆ ಮಾಡಲಾರೆ. ಆದರೆ ಕೇಳದೆಯೇ ಎದ್ದು ಬಂದವರಿಗೆ ಬೇಡ ಎಂದದ್ದು ಯಜಮಾನರಲ್ಲ, ತಮ್ಮದೇ ಭಯ.