ಮೂರನೆಯವರ ಬಾಯಿ

ಗಾಜು ಕತ್ತರಿಸುವವನಿಗೆ ಇರುವುದು ಒಂದೇ ಗೆರೆ. ಅಳತೆಪಟ್ಟಿ ಇಟ್ಟು, ಕಟ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿಗೆ ಎಳೆಯಬೇಕು. ಸರಿಯಾಗಲಿಲ್ಲವೇನೋ ಎಂದು ಅದರ ಮೇಲೇ ಇನ್ನೊಂದು ಸಲ ಎಳೆದರೆ ಗಾಜು ಎಲ್ಲೆಲ್ಲೋ ಒಡೆಯುತ್ತದೆ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿ ನನ್ನ ಬುದ್ಧಿಯೂ ಹಾಗೇ ಆಗಿದೆ. ಒಂದು ಸಲ ಹೇಳಿದರೆ ಹೇಳಿದ ಹಾಗೆ. ನನ್ನ ಹೆಂಡತಿ ಇದನ್ನು ಮೊಂಡುತನ ಎನ್ನುತ್ತಾಳೆ.

ಮನೆ ಸಾಲದ ಸ್ಥಿರ ಬಡ್ಡಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ ಎಂದು ಬ್ಯಾಂಕಿನಿಂದ ಕಾಗದ ಬಂತು. ಹಾಗೇ ಬಿಟ್ಟರೆ ಕಂತು ಮೂರನೇ ಒಂದು ಪಾಲು ಏರುತ್ತದೆ. ಇಲ್ಲವೇ ಅದೇ ಬ್ಯಾಂಕಿನಲ್ಲಿ ಹೊಸದಾಗಿ ಬರೆಸಬೇಕು, ಅಥವಾ ಸಾಲವನ್ನು ಬೇರೆ ಬ್ಯಾಂಕಿಗೆ ಎತ್ತಿ ಹಾಕಬೇಕು. ನಾನು ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಹೆಂಡತಿ ಆ ಕಾಗದ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಒಬ್ಬ ಬ್ರೋಕರ್ ಹತ್ರ ಹೋಗೋಣ ರೀ. ನಮ್ಮ ಲಾಂಡ್ರಿ ಸೂಪರ್‌ವೈಸರ್‌ಗೂ ಅವರೇ ಮಾಡಿಸಿಕೊಟ್ಟಿದ್ದು. ಹಳೇ ಫೈಲೆಲ್ಲ ನೋಡಿ, ಯಾವ ಬ್ಯಾಂಕು ನಮಗೆ ಆಗುತ್ತೆ ಅಂತ ಹೇಳ್ತಾರಂತೆ."

"ಬ್ರೋಕರ್ ಯಾಕೆ? ನನಗೇನು ಬಾಯಿಲ್ವಾ? ಬ್ಯಾಂಕಿಗೆ ದಾರಿ ಗೊತ್ತಿಲ್ವಾ?"

"ದಾರಿ ಗೊತ್ತು. ಆಮೇಲೆ?"

"ಆಮೇಲೆ ಏನು, ನಾನೇ ಮಾತಾಡ್ತೀನಿ. ಮಧ್ಯದಲ್ಲಿ ಒಬ್ಬನಿಗೆ ದುಡ್ಡು ಕೊಟ್ಟು ನಮ್ಮ ಮನೆ ವಿಷಯ ಹೇಳಿಸ್ಕೋಬೇಕಾ?"

ಅವಳು ಕಾಗದವನ್ನು ಮಡಚಿ, ಲಾಂಡ್ರಿ ಕೆಲಸಕ್ಕೆ ಒಯ್ಯುವ ಬ್ಯಾಗಿಗೆ ಹಾಕಿಕೊಂಡಳು. ಜಗಳವಾಡಲಿಲ್ಲ. ಅವಳು ಜಗಳ ಆಡದೆ ಸುಮ್ಮನಾದರೆ ನನಗೆ ದಿಗಿಲು.

ನಿಜ ಹೇಳಿಬಿಡುತ್ತೇನೆ. ನನಗೆ ಬ್ರೋಕರ್ ಬೇಡವಾಗಿದ್ದದ್ದು ಅವನ ಕೂಲಿ ಉಳಿಸಲಿಕ್ಕಲ್ಲ. ಅವನು ಹಳೆಯ ಫೈಲು ನೋಡುತ್ತಾನೆ ಎಂದು. ಆ ಫೈಲಿನಲ್ಲಿ ಒಂದು ಪುಟ ಇದೆ. ಅದನ್ನು ನನ್ನ ಹೆಂಡತಿ ನೋಡಬಾರದಿತ್ತು. ನೋಡಿದರೆ ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದಲ್ಲ. ಹೋದರೆ ಹೋಗಲಿ ಎನ್ನುವಷ್ಟು ನಾನು ಒಳಗೇ ಸತ್ತಿದ್ದೆ. ಅದೇ ಮನೆಯಲ್ಲಿ ಇದ್ದುಕೊಂಡು, ಅನ್ನ ಬಡಿಸುತ್ತಾ, ನನ್ನ ಮುಖ ನೋಡಿದಾಗೆಲ್ಲ ಅವಳಿಗೆ ಅದು ನೆನಪಾದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ನಮಗೆ ಒಬ್ಬಳೇ ಮಗಳು. ಲ್ಯಾಬಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ನಾನು ಅವಳನ್ನು ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದೆ. "ಅಪ್ಪ, ನಾನು ಡಾಕ್ಟರ್ ಅಲ್ಲ, ಎಷ್ಟು ಸಲ ಹೇಳ್ಲಿ" ಎಂದು ದಿನಾ ಮೂತಿ ತಿರುಗಿಸುತ್ತಿದ್ದಳು, ಕರೆಯದಿದ್ದರೆ "ಏನಪ್ಪ, ಕೋಪಾನಾ?" ಎಂದು ಕೇಳುತ್ತಿದ್ದಳು. ಮನೆ ಸಾಲ ಸಿಕ್ಕಿದ್ದೇ ಅವಳ ಸಂಬಳದ ಚೀಟಿಯ ಮೇಲೆ. ಗಾಜಿನ ಅಂಗಡಿಯವನ ಆದಾಯಕ್ಕೆ ಯಾವ ಬ್ಯಾಂಕು ಬೆಲೆ ಕೊಡುತ್ತದೆ? ಸಾಲಗಾರರು ಇಬ್ಬರು, ನಾನು ಮತ್ತು ಅವಳು.

ಮೂರು ವರ್ಷದ ಹಿಂದೆ ಸಾಲವನ್ನು ಹೀಗೇ ಹೊಸದಾಗಿ ಬರೆಸಬೇಕಾಗಿ ಬಂತು. ಅವಳು ಆಗಲೇ ಹೇಳಿದ್ದಳು, "ಅಪ್ಪ, ಒಂದ್ಸಲ ಬ್ರೋಕರ್ ಹತ್ರ ಕೇಳಿ ನೋಡೋಣ, ನಮಗೇನು ಗೊತ್ತಾಗುತ್ತೆ" ಎಂದು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಇಬ್ಬರೇ ಬ್ಯಾಂಕಿಗೆ ಹೋದೆವು. ಕಂತು ಇನ್ನೂ ಸ್ವಲ್ಪ ಇಳಿಸಿ ಎಂದು ನಾನು ಹಟ ಹಿಡಿದೆ. ಅಧಿಕಾರಿ ಕಾಗದ ತಿರುವಿ, "ಇದರಲ್ಲಿ ಲೋನ್ ಇನ್ಶೂರೆನ್ಸ್ ಇದೆ, ಸಾಲಗಾರರಲ್ಲಿ ಯಾರಾದರೂ ತೀರಿಕೊಂಡ್ರೆ ಸಾಲ ಪೂರ್ತಿ ಅದೇ ಕಟ್ಟುತ್ತೆ. ಅದನ್ನು ತೆಗೆದ್ರೆ ಕಂತು ಇಳಿಯುತ್ತೆ" ಎಂದರು.

"ಅಪ್ಪ, ಅದು ಇರಲಿ" ಎಂದಳು ಮಗಳು.

"ಯಾಕೆ ಇರಲಿ? ನಮ್ಮ ಮನೇಲಿ ಸದ್ಯಕ್ಕೆ ಯಾರೂ ಸಾಯೋ ಯೋಚನೆ ಇಟ್ಕೊಂಡಿಲ್ಲ ಸರ್. ತೆಗೀರಿ."

ಅಧಿಕಾರಿ ನಕ್ಕರು. ನಾನೂ ನಕ್ಕೆ. ಮಗಳು ಫೋನು ಹಿಡಿದುಕೊಂಡು ಎದ್ದು ಹೊರಗೆ ಹೋಗಿ, ಐದು ನಿಮಿಷ ಬಿಟ್ಟು ಬಂದು, ಏನೂ ಹೇಳದೆ ಸಹಿ ಹಾಕಿದಳು. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದವನು ನಾನು. ನೆಟ್ಟಗೆ, ಅಳತೆಪಟ್ಟಿ ಇಟ್ಟ ಹಾಗೆ, ಒಂದೇ ಗೆರೆ.

ಎರಡು ತಿಂಗಳಾದ ಮೇಲೆ ಬೋನಸ್ ಬಂತೆಂದು ನನಗೆ ಒಂದು ಜೊತೆ ಗ್ಲೌಸು ತಂದುಕೊಟ್ಟಳು. ಗಾಜು ಹಿಡಿದರೂ ಕುಯ್ಯದಂಥ ದಪ್ಪ ಗ್ಲೌಸು. ಅವಳು ಹೋದ ಮೇಲೆ ನನಗಿದ್ದ ಒಂದೇ ಸಮಾಧಾನ ಅದು. ಬೆಳಿಗ್ಗೆ ಅಂಗಡಿ ತೆರೆದು ಅದರೊಳಗೆ ಕೈ ತೂರಿಸಿದರೆ ಅವಳೇ ಬಂದು ಕೈ ಹಿಡಿದುಕೊಂಡ ಹಾಗಿರುತ್ತಿತ್ತು.

ಹೋದದ್ದು ಹದಿಮೂರು ತಿಂಗಳ ಹಿಂದೆ. ಕೆಲಸದಲ್ಲಿ ಇದ್ದವಳು, ರೋಗಿಯೊಬ್ಬರಿಗೆ ಉಸಿರು ಬಿಗಿಹಿಡಿಯಲು ಹೇಳಿ ಗಾಜಿನ ಆಚೆ ಬಂದು ಕುಸಿದಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಇಪ್ಪತ್ತೇಳು ವರ್ಷ. ನಾವು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಒಂದು ವಾರದ ನಂತರ ಪಕ್ಕದ ಮನೆಯವರು ಬಂದವರು, "ಅವಳ ಹೆಸರಲ್ಲಿ ಸಾಲ ಇತ್ತಲ್ಲ, ಇನ್ಶೂರೆನ್ಸ್ ಇರ್ಬೇಕು, ವಿಚಾರಿಸಿ" ಎಂದರು. ಹೆಂಡತಿ ನನ್ನ ಕಡೆ ನೋಡಿದಳು. "ನಮ್ಮ ಸಾಲಕ್ಕೆ ಇನ್ಶೂರೆನ್ಸು ಮೊದಲಿಂದಲೂ ಇರ್ಲಿಲ್ಲ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಅವಳು ತಲೆ ತಗ್ಗಿಸಿದಳು, ಮತ್ತೆ ಆ ಮಾತೆತ್ತಲಿಲ್ಲ. ಫೈಲನ್ನು ಅಂಗಡಿಗೆ ಒಯ್ದು ಕನ್ನಡಿ ಹಲಗೆಗಳ ಹಿಂದೆ ಸಿಕ್ಕಿಸಿಟ್ಟೆ.

ಈಗ ಅದನ್ನೇ ಹೊರಗೆ ತೆಗೆಯಬೇಕಾಯಿತು. ಬ್ಯಾಂಕಿನ ಕಾಗದ ಬಂದ ಮರುವಾರ ಹೆಂಡತಿ ನನ್ನನ್ನು ಕೇಳದೆಯೇ ಬ್ರೋಕರಿಗೆ ಫೋನು ಮಾಡಿ ಸಮಯ ಗೊತ್ತು ಮಾಡಿಬಿಟ್ಟಿದ್ದಳು. "ಬುಧವಾರ ಹನ್ನೊಂದು ಗಂಟೆ. ನೀವು ಬಂದ್ರೂ ಸರಿ, ಬರದಿದ್ರೂ ಸರಿ, ಫೈಲ್ ಕೊಡಿ" ಎಂದಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಮಾತಾಡಿದ್ದು ಕಡಿಮೆ. ಆ ಪುಟವನ್ನು ಹರಿದುಹಾಕೋಣ ಎಂದುಕೊಂಡೆ. ಅದರಲ್ಲಿ ಮಗಳ ಸಹಿ ಇತ್ತು. ಹರಿಯಲು ಕೈ ಬರಲಿಲ್ಲ.

ಬ್ರೋಕರನ ಆಫೀಸು ಔಷಧಿ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು. ನಾನು ಒಬ್ಬ ನಯವಂಚಕನನ್ನು ನಿರೀಕ್ಷಿಸಿದ್ದೆ. ಇದ್ದವರು ನನ್ನದೇ ವಯಸ್ಸಿನ, ಶೀತ ಹಿಡಿದ ಒಬ್ಬ ಮನುಷ್ಯ. ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರಂತೆ. ಮಾತಿಗೊಮ್ಮೆ ಮೂಗೊರೆಸಿಕೊಳ್ಳುತ್ತಿದ್ದರು. ಇಂಥವರ ಮೇಲೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ.

ಹೆಂಡತಿ ತನ್ನ ಸಂಬಳದ ಚೀಟಿಗಳನ್ನು ಮೇಜಿನ ಮೇಲಿಟ್ಟಳು. ಅವರು ನೋಡಿ ಬರೆದುಕೊಂಡರು. ಆಮೇಲೆ ಫೈಲು ಬಿಡಿಸಿದರು. ಪುಟ ಮಗುಚಿದರು, ಮಗುಚಿದರು. ಒಂದು ಕಡೆ ಕೈ ನಿಂತಿತು. ಅವರು ಮೊದಲು ಆ ಪುಟ ನೋಡಿದರು, ಆಮೇಲೆ ಫೈಲಿನ ಮೇಲಿದ್ದ ಮಗಳ ಮರಣ ಪ್ರಮಾಣಪತ್ರದ ತಾರೀಖು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಈ ಪುಟ ನಮಗೆ ಈಗ ಬೇಕಾಗಲ್ಲ" ಎಂದು ಅದನ್ನು ಫೈಲಿನಿಂದ ಬಿಡಿಸಿ, ಬೋರಲು ಹಾಕಿ, ಮೇಲೆ ಕ್ಯಾಲ್ಕುಲೇಟರ್ ಇಟ್ಟರು.

ನಾನು ಬಚಾವಾಗಿದ್ದೆ. ಒಬ್ಬ ಪರಕೀಯ, ನಾನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಿದ್ದ ಮನುಷ್ಯ, ನನ್ನ ಮಾನ ಮುಚ್ಚಿದ್ದ. ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಆದರೆ ಕಾಗದದ ಹಿಂಬದಿಯಲ್ಲಿ ಮಗಳ ಸಹಿಯ ಒತ್ತು ಉಬ್ಬಿಕೊಂಡು ಕಾಣುತ್ತಿತ್ತು. ಅವಳು ಯಾವಾಗಲೂ ಪೆನ್ನು ಒತ್ತಿ ಬರೆಯುತ್ತಿದ್ದಳು. ಆ ಮಗುವಿನ ಕೈಬರಹವನ್ನು ಹೀಗೆ ಮುಖ ಕೆಳಗೆ ಮಾಡಿ ಬಿಟ್ಟು ಬರಲು ನನ್ನಿಂದ ಆಗಲಿಲ್ಲ.

ನಾನೇ ಕ್ಯಾಲ್ಕುಲೇಟರ್ ಸರಿಸಿ ಕಾಗದ ತಿರುಗಿಸಿ ಹೆಂಡತಿಯ ಮುಂದೆ ಇಟ್ಟೆ.

"ಇನ್ಶೂರೆನ್ಸ್ ಇತ್ತು. ನಾನೇ ತೆಗೆಸಿದ್ದು. ಅವಳು ಇರಲಿ ಅಂದ್ಲು. ನಾನು ಕೇಳ್ಲಿಲ್ಲ. ನಿನ್ನ ಹತ್ರ ಸುಳ್ಳು ಹೇಳಿದೆ."

ಅವಳು ಕಾಗದದ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡಳು.

"ಗೊತ್ತು" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ.

"ಆವತ್ತು ಬ್ಯಾಂಕಿಂದ ಹೊರಗೆ ಬಂದು ನನಗೆ ಫೋನ್ ಮಾಡಿದ್ಲು. ಅಮ್ಮ, ಅಪ್ಪ ಇನ್ಶೂರೆನ್ಸ್ ತೆಗೆಸ್ತಿದಾರೆ, ಏನ್ ಮಾಡ್ಲಿ, ನೀನಾದ್ರೂ ಹೇಳು ಅಂತ. ನಾನು ಲಾಂಡ್ರೀಲಿ ಇದ್ದೆ, ಮೆಷಿನ್ ಸದ್ದು, ನನಗೆ ಕೆಲಸದ ಗಡಿಬಿಡಿ. ಅಪ್ಪ ಹೇಳ್ದಂಗೆ ಮಾಡು ಪುಟ್ಟಾ ಅಂದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಉಳಿಯೋ ದುಡ್ಡಲ್ಲಿ ಅಪ್ಪಂಗೆ ಒಂದು ಜೊತೆ ಗ್ಲೌಸ್ ತಂದುಕೊಡು, ದಿನಾ ಕೈ ಕುಯ್ಕೊಂಡು ಬರ್ತಾರೆ ಅಂದೆ."

ಬ್ರೋಕರ್ ಎದ್ದು ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತರು.

ನನಗೆ ಮೊದಲು ಬಂದದ್ದು ಸಿಟ್ಟು. ಯಾಕೆ ಮುಚ್ಚಿಡಲಿ.

"ಹದಿಮೂರು ತಿಂಗಳು. ನಾನು ಸುಳ್ಳು ಹೇಳಿದಾಗ ನಿನಗೆ ಗೊತ್ತಿತ್ತು. ನಾನು ಒಳಗೊಳಗೇ ಬೇಯ್ತಿದ್ದೆ, ನೀನು ನೋಡ್ತಿದ್ದೆ. ಒಂದು ಮಾತು ಹೇಳಕ್ಕೆ ಆಗ್ಲಿಲ್ವಾ ನಿನಗೆ?"

"ಹೇಳಿದ್ರೆ ನಂದೂ ಹೇಳ್ಬೇಕಿತ್ತಲ್ಲ ರೀ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಸುಳ್ಳು ಹೇಳಿದ ದಿನ ನನಗೆ ಒಂಥರಾ ಹಾಯೆನಿಸ್ತು. ಇವರೊಬ್ರೇ ಹೊತ್ಕೋತಾರೆ, ನನ್ನ ಮಾತು ಯಾರಿಗೂ ಗೊತ್ತಾಗಲ್ಲ ಅಂತ. ಎಂಥ ಹೆಂಗಸು ನೋಡಿ ನಾನು. ಆಮೇಲಾಮೇಲೆ ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ. ನನ್ನ ಬಾಯಲ್ಲಿ ಬರಲ್ಲ, ನಿಮ್ಮ ಬಾಯಲ್ಲೂ ಬರಲ್ಲ. ಮೂರನೆಯವರು ಯಾರಾದ್ರೂ ಆ ಕಾಗದ ಓದಿ ಹೇಳಿಬಿಡ್ಲಿ ಅಂತಲೇ ಬ್ರೋಕರ್ ಬೇಕು ಅಂದಿದ್ದು. ಬಡ್ಡಿ ಗಿಡ್ಡಿ ನನಗೇನ್ ಗೊತ್ತು."

ಬೇಕು ಎಂದವಳೂ ಆ ಒಂದು ಪುಟಕ್ಕಾಗಿ, ಬೇಡ ಎಂದವನೂ ಅದಕ್ಕಾಗಿಯೇ. ಅವಳನ್ನು ಏನೆಂದು ಬಯ್ಯಲಿ? ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಮಗಳು ಹೋದ ದಿನವೂ ನಾವು ಒಟ್ಟಿಗೆ ಕುಳಿತು ಅತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿ, ನಾನು ಅಂಗಡಿಯಲ್ಲಿ.

ಬ್ರೋಕರ್ ವಾಪಸು ಬಂದು ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಮ್ಮಿಬ್ಬರ ಆದಾಯಕ್ಕೆ ಬೇರೆ ಬ್ಯಾಂಕು ಸಿಗುವುದು ಕಷ್ಟ. ಈಗಿರುವ ಬ್ಯಾಂಕಿನಲ್ಲೇ ಅವಧಿ ಹಿಗ್ಗಿಸಿ, ಹೆಂಡತಿಯ ಸಂಬಳವನ್ನು ಸೇರಿಸಿ ಬರೆಸಬಹುದು. ಆದರೂ ಸ್ವಲ್ಪ ಕಡಿಮೆ ಬೀಳುತ್ತದೆ. ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಕೊಟ್ಟರೆ ಅದನ್ನೂ ಆದಾಯ ಎಂದು ತೋರಿಸಬಹುದು.

"ಕೊಡೋಕೆ ಕೋಣೆ ಇದೆಯಾ?" ಎಂದು ಕೇಳಿ, ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡರು.

"ಇದೆ" ಎಂದಳು ಹೆಂಡತಿ. "ಬರ್ಕೊಳ್ಳಿ."

"ಇದನ್ನೆಲ್ಲ ನೀವೇ ಬ್ಯಾಂಕಿಗೆ ಹೋಗಿ ಮಾಡಿಸ್ಕೋಬಹುದು ಯಜಮಾನ್ರೇ, ನನಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಮಗಳ ಹೆಸರು ತೆಗೆಸೋದು, ಅವರು ಯಾವಾಗ ಹೋದ್ರು, ಹೇಗೆ ಹೋದ್ರು ಅನ್ನೋದು, ನಾಲ್ಕು ಮೇಜಿನ ಮುಂದೆ ನಾಲ್ಕು ಸಲ ಹೇಳಬೇಕಾಗುತ್ತೆ. ನನಗೆ ಬಿಟ್ರೆ ನಾನು ಹೇಳ್ತೀನಿ."

ಹೆಂಡತಿ ನನ್ನ ಕಡೆ ನೋಡಿದಳು.

"ನೀವೇ ಹೇಳಿ" ಎಂದೆ ಅವರಿಗೆ. ಮೂವತ್ತೊಂದು ವರ್ಷದಲ್ಲಿ ಒಂದೇ ಗೆರೆಯ ಮೇಲೆ ಎರಡನೇ ಸಲ ಎಳೆದದ್ದು ಅದೇ ಮೊದಲು.

ಮರುದಿನ ಎಂದಿನಂತೆ ಅಂಗಡಿ ತೆರೆದೆ. ಒಡೆದ ಕಿಟಕಿಯ ಅಳತೆ ಬರೆದ ಚೀಟಿ ಹಿಡಿದು ಗಿರಾಕಿಯೊಬ್ಬರು ಆಗಲೇ ಕಾಯುತ್ತಿದ್ದರು. ಹಲಗೆ ಇಳಿಸಿ ಮೇಜಿಗೆ ಹಾಕಿದೆ. ಗ್ಲೌಸು ಮೊಳೆಯಲ್ಲಿ ನೇತಾಡುತ್ತಿತ್ತು. ಎಡಗೈಯ ಹೆಬ್ಬೆರಳಿನ ಹತ್ತಿರ ಬಿಚ್ಚಿದ್ದ ಹೊಲಿಗೆಯನ್ನು ಹೆಂಡತಿ ಹಿಂದೊಮ್ಮೆ ಲಾಂಡ್ರಿಯ ಬಿಳಿ ದಾರದಿಂದ ಹೊಲಿದುಕೊಟ್ಟಿದ್ದಳು. ಹೊಲಿಯುವಾಗ ಎರಡು ಸಲ ಸೂಜಿ ಚುಚ್ಚಿಕೊಂಡಿದ್ದಳು, ಕಣ್ಣು ಮಂಜಾಗಿದೆ ಎಂದಿದ್ದಳು. ಈ ಗ್ಲೌಸು ಬೋನಸಿನದಲ್ಲ, ಆ ಇನ್ಶೂರೆನ್ಸು ತೆಗೆಸಿ ಉಳಿಸಿದ ದುಡ್ಡಿನದು ಎಂದು ಆಗಲೂ ಅವಳಿಗೆ ಗೊತ್ತಿತ್ತು.

"ತಡ ಆಗುತ್ತಾ?" ಎಂದರು ಗಿರಾಕಿ.

"ಇಲ್ಲ, ಈಗಲೇ ಆಗುತ್ತೆ" ಎಂದು ಗ್ಲೌಸು ತೆಗೆದು ಕೈಗೆ ಹಾಕಿಕೊಂಡೆ. ಹಾಕಿಕೊಳ್ಳದೆ ಏನು ಮಾಡಲಿ? ನನ್ನ ಕೈ ಕುಯ್ಯಬಾರದು ಎಂದು ತಾನೇ ತಂದುಕೊಟ್ಟಿದ್ದು ನನ್ನ ಮಗಳು.