ಕೊನೆಗೆ ಇಳಿಸಬೇಕಾದವರು

ನೀರು ಆಸ್ಪತ್ರೆಯ ಗೇಟು ದಾಟಿತೆಂದು ಕಾವಲುಗಾರ ಹೇಳಿದಾಗ ನಾನು ಮೂರನೇ ಮಹಡಿಯ ವಾರ್ಡಿನ ಮಂಚಗಳಿಗೆಲ್ಲ ರಿಬ್ಬನ್ನು ಕಟ್ಟಿ ಮುಗಿಸಿದ್ದೆ. ನಡೆಯಬಲ್ಲವರಿಗೆ ಹಸಿರು; ಅವರು ಮೊದಲು ಇಳಿಯುತ್ತಾರೆ. ಹೊತ್ತು ಇಳಿಸಬೇಕಾದವರಿಗೆ ಹಳದಿ, ಅವರು ಆಮೇಲೆ. ಯಂತ್ರದಿಂದ ಉಸಿರಾಡುವವರಿಗೆ ಕೆಂಪು, ಕಟ್ಟಕಡೆಗೆ. ಅಂಥ ಒಬ್ಬರನ್ನು ಇಳಿಸುವಷ್ಟರಲ್ಲಿ ಉಳಿದ ನಾಲ್ವರನ್ನು ಇಳಿಸಬಹುದು. ಕ್ರೂರ ಲೆಕ್ಕವೇ. ಬೇರೆ ಲೆಕ್ಕ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆಂಪು ಇದ್ದದ್ದು ಒಬ್ಬ ಅಜ್ಜಿಗೆ ಮಾತ್ರ. ಪಕ್ಕದ ಮಂಚದಲ್ಲಿ ನನ್ನ ಭಾವ, ಅವರಿಗೆ ಹಳದಿ. ಗೋಡೆಯ ಕೊಳವೆಯಿಂದ ಬರುವ ಆಮ್ಲಜನಕವೇ ಅವರಿಗೆ ಆಧಾರ. ಅಕ್ಕ ನನ್ನ ತೋಳು ಹಿಡಿದಳು.

"ನೀನೇ ಇಲ್ಲಿ ದೊಡ್ಡ ನರ್ಸು. ನಿನ್ನ ಭಾವನ್ನ ಮೊದ್ಲು ಕಳಿಸೇ."

"ಹೊರೋರು ಬಣ್ಣ ನೋಡಿ ಎತ್ತುತ್ತಾರೆ ಕಣಕ್ಕಾ, ನಂಟಸ್ತನ ನೋಡಿ ಅಲ್ಲ. ತಲೆ ತಿನ್ನಬೇಡ, ಸುಮ್ನೆ ಕೂತ್ಕೋ."

ಯಾವ ಬಣ್ಣಕ್ಕೆ ಏನರ್ಥವೆಂದು ಹೇಳುವ ತಾಳ್ಮೆ ನನಗಿರಲಿಲ್ಲ. ಕೋಪ ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ.

ನಾನು ಕೆಳಗಿಳಿದು ಹಸಿರಿನವರನ್ನು ಲಾರಿಗೆ ಹತ್ತಿಸುತ್ತಿದ್ದಾಗ ದೀಪಗಳು ಆರಿದವು. ನೆಲಮಾಳಿಗೆಯ ಜನರೇಟರ್ ಒಮ್ಮೆ ಕೆಮ್ಮಿ ಸತ್ತಿತು. ಅದನ್ನು ಮೇಲಕ್ಕೆ ಸಾಗಿಸಿ ಎಂದು ಪ್ರತಿ ಸಭೆಯಲ್ಲೂ ಬಡಿದುಕೊಂಡಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಲಾರಿಯವನು, "ಇನ್ನೊಂದ್ಸಲ ಬರೋಕಾಗಲ್ಲ ಸಿಸ್ಟರ್, ಇಂಜಿನ್ನಿಗೆ ನೀರು ಬರ್ತಿದೆ" ಎಂದ.

ಹಳದಿಯವರು ಒಬ್ಬೊಬ್ಬರಾಗಿ ಬಂದರು. ಕೊನೆಯ ಸ್ಟ್ರೆಚರಿನಲ್ಲಿ ಭಾವ ಇರಲಿಲ್ಲ. ಆ ಅಜ್ಜಿ ಇದ್ದರು, ಕಿರಿಯ ನರ್ಸು ಉಸಿರಿನ ಚೀಲ ಒತ್ತುತ್ತಿದ್ದಳು. ಹೊತ್ತು ತಂದವರು, "ಹಳದಿ ಎಲ್ಲಾ ಮುಗೀತು, ಕೆಂಪಿಗೆ ಇನ್ನು ಹೊತ್ತಿಲ್ಲ" ಎಂದು ತಾವೂ ಲಾರಿ ಹತ್ತಿದರು. ನಾನು ಮೆಟ್ಟಿಲು ಹತ್ತಿ ಓಡಿದೆ.

ಅಕ್ಕ ಭಾವನ ತಲೆ ಬಾಚಿ ಅಂಗಿಯ ಗುಂಡಿ ಹಾಕುತ್ತಿದ್ದಳು. ಮಂಚದ ಕಾಲಿನಲ್ಲಿ ಕೆಂಪು ರಿಬ್ಬನ್ನು.

"ಬೈಬೇಡ ಕಣೇ. ಅಜ್ಜೀದು ಇವರಿಗೆ ಕಟ್ಟಿ, ಇವರದ್ದು ಅಲ್ಲಿ ಕಟ್ಟಿದೆ. ಇವ್ರನ್ನ ಕರ್ಕೊಂಡು ಬಂದ ದಿನ ಕೆಳಗೆ ಎಮರ್ಜೆನ್ಸೀಲಿ ನೋಡಿದ್ನಲ್ಲ, ಕೆಂಪಿನವರನ್ನೇ ಮೊದ್ಲು ಒಳಗೆ ತಗೊಂಡ್ರು. ಪಾಪದ ಕೆಲಸಾನೇ. ಏನ್ಮಾಡ್ಲಿ, ನನಗಿರೋದು ಇವರೊಬ್ರೇ."

ಅವಳ ಕೆನ್ನೆಗೆ ಹೊಡೆಯಬೇಕೆನಿಸಿತು, ಅದಕ್ಕಿಂತ ಜೋರಾಗಿ ನನ್ನದೇ ಕೆನ್ನೆಗೆ. ಕರೆಂಟಿಲ್ಲದೆ ಗೋಡೆಯ ಕೊಳವೆಯ ಸದ್ದು ನಿಂತಿತ್ತು. ಸಿಲಿಂಡರುಗಳೆಲ್ಲ ಲಾರಿಯಲ್ಲಿದ್ದವು. ಭಾವನ ತುಟಿ ನೀಲಿಯಾಗತೊಡಗಿತ್ತು. ಕೆಳಗೆ ಲಾರಿ ಹೊರಟ ಸದ್ದು ಕೇಳಿಸಿತು.

"ಈಗ ಬರ್ತಾರಲ್ವೇನೇ?"

"ಬರ್ತಾರೆ" ಎಂದೆ.

ಅಕ್ಕ ಭಾವನ ಕಿವಿಯ ಹತ್ತಿರ ಬಗ್ಗಿದಳು. "ಕೇಳಿಸ್ತಾ? ಸ್ವಲ್ಪ ತಡ್ಕೊಳ್ಳಿ. ಇನ್ನು ನಿಮ್ಮದೇ ಸರದಿ."