ಹೊದಿಕೆಯಿಲ್ಲದ ಹಾಸಿಗೆ

ಟೇಪಿನ ತುದಿ ಎಲ್ಲಿ ಹೋಯಿತೋ, ಉಗುರಿನಲ್ಲಿ ಕೆರೆದರೂ ಸಿಗುತ್ತಿಲ್ಲ, ತುದಿ ಮಡಚಿಡ್ರೇ ಇಲ್ಲಾಂದ್ರೆ ಅರ್ಧ ದಿನ ಅದನ್ನ ಹುಡುಕೋದ್ರಲ್ಲೇ ಹೋಗುತ್ತೆ ಅಂತ ಕೆಲಸಕ್ಕೆ ಬಂದ ಹೊಸಬರಿಗೆ ಮೊದಲು ಹೇಳಿಕೊಡುವವಳೇ ನಾನು, ಈಗ ನಾನೇ ಈ ಹಾಳು ಸುರುಳಿಯನ್ನು ತಿರುಗಿಸುತ್ತ ನೆಲದ ಮೇಲೆ ಕೂತಿದ್ದೇನೆ, ಅಷ್ಟಕ್ಕೂ ಈಗ ಟೇಪು ಯಾಕೆ, ಕಟ್ಟುವುದೆಲ್ಲ ಬೆಳಿಗ್ಗೆಯೇ ಮುಗಿದಿದೆ, ಮುಗಿಯಬೇಕಾದ್ದಕ್ಕಿಂತ ಹೆಚ್ಚೇ ಮುಗಿದಿದೆ, ಎಡವಟ್ಟಾದದ್ದೇ ಅಲ್ಲಿ. ಮಗಳು ಮಲಗಿದ್ದಾಳೆ, ಗೋಡೆಯ ಕಡೆ ಮುಖ ಮಾಡಿ, ಬರೀ ಹಾಸಿಗೆಯ ಮೇಲೆ, ಮೇಲುಹಾಸಿಲ್ಲ, ಹೊದಿಕೆಯಿಲ್ಲ, ದಿಂಬೂ ಬೆತ್ತಲೆ, ನನ್ನ ಹಳೇ ಶಾಲನ್ನು ಮೈಮೇಲೆ ಎಳೆದುಕೊಂಡಿದ್ದಾಳೆ, ಶಾಲಿನಿಂದ ಒಂದು ಹಿಮ್ಮಡಿ ಮಾತ್ರ ಹೊರಗೆ, ಎಷ್ಟೇ ದೊಡ್ಡದನ್ನು ಹೊದಿಸಿದರೂ ಅದೊಂದು ಹೊರಗೇ, ಹುಟ್ಟಿದ ದಿನವೂ ಹಾಗೇ, ಬಿಗಿಯಾಗಿ ಸುತ್ತಿ ನನ್ನ ಪಕ್ಕ ಮಲಗಿಸಿದ ನರ್ಸಮ್ಮ ತಿರುಗಿ ನೋಡುವಷ್ಟರಲ್ಲಿ ಕೆಂಪು ಕಾಳಿನಂಥ ಹಿಮ್ಮಡಿ ಆಚೆಗೆ ಬಂದಿತ್ತು, ಇವಳು ಕಾಲಿಗೆ ಚಕ್ರ ಕಟ್ಕೊಂಡೇ ಬಂದಿದಾಳೆ ಕಣಮ್ಮ, ನಿನ್ನ ಮನೇಲಿ ನಿಲ್ಲೋಳಲ್ಲ ಅಂದಿದ್ದಳು, ಆಗ ನಕ್ಕಿದ್ದೆ. ರಾತ್ರಿ ವಿಮಾನ. ನಾಲ್ಕಕ್ಕೆ ಟ್ಯಾಕ್ಸಿ. ಒಂದೇ ಒಂದು ಸೆಮಿಸ್ಟರಮ್ಮ, ಐದು ತಿಂಗಳು, ಹೊರದೇಶದ ಯೂನಿವರ್ಸಿಟಿಯಲ್ಲಿ ನದಿಗಳ ಬಗ್ಗೆ ಓದ್ಕೊಂಡು ವಾಪಸ್ ಬಂದ್ಬಿಡ್ತೀನಿ ಅಂತ ಎಷ್ಟು ಸಲ ಹೇಳಿದಳು, ನಾನೂ ಹೂಂ ಹೂಂ ಅಂದೆ, ಬಾಯಿ ಹೂಂ ಅಂದಿತು, ಕೈಗೆ ಅದು ಕೇಳಿಸಲಿಲ್ಲ ಅಂತ ಕಾಣುತ್ತದೆ.

ಕೈಯದೇ ತಪ್ಪು ಎಲ್ಲ. ಬೆಳಿಗ್ಗೆ ಅವಳು ಕಾಲೇಜಿನ ಮೇಡಮ್ಮಿಗೆ ಹೇಳಿ ಬರ್ತೀನಿ ಅಂತ ಹೊರಟಾಗ ಹೇಳಿದ್ದು ಇಷ್ಟೇ, ಮಂಚದ ಮೇಲಿರೋ ಬಟ್ಟೆ ಅಷ್ಟನ್ನೇ ಸೂಟ್‌ಕೇಸಿಗೆ ಹಾಕಮ್ಮ, ನೀನು ಮಡಚಿದ್ರೆ ಒಂದಕ್ಕೆರಡು ಹಿಡಿಯುತ್ತೆ, ಹಿಡಿಯದೇ ಏನು, ಬದುಕೆಲ್ಲ ಇನ್ನೊಬ್ಬರ ಮನೆ ಕಟ್ಟಿದವಳು, ಕಟ್ಟಿದವಳು ಅಂದರೆ ಗಾರೆ ಕೆಲಸವಲ್ಲ, ಮನೆ ಬದಲಾಯಿಸುವವರ ಪಾತ್ರೆ ಪಗಡ ಗಾಜು ಗಡಿಯಾರ ಸುತ್ತಿ ಡಬ್ಬಕ್ಕೆ ತುಂಬುವವಳು, ಬಟ್ಟೆ ಹಾಕಿ ಸೂಟ್‌ಕೇಸಿನ ಜಿಪ್ಪು ಎಳೆದೆ, ಅಲ್ಲಿಗೆ ಎದ್ದುಹೋಗಿ ಒಲೆ ಹಚ್ಚಬೇಕಿತ್ತು. ಏಳಲಿಲ್ಲ. ಕಂಪನಿಯಿಂದ ತಂದ ರಟ್ಟಿನ ಡಬ್ಬಗಳು ಮಂಚದ ಕೆಳಗೆ ಚಪ್ಪಟೆಯಾಗಿ ಬಿದ್ದಿದ್ದವು, ಒಂದನ್ನು ಎಳೆದೆ, ಬಾಗಿಲ ಎಡಕ್ಕೆ ಶುರು ಮಾಡು, ಗೋಡೆ ಹಿಡ್ಕೊಂಡು ಸುತ್ತು, ಮತ್ತೆ ಬಾಗಿಲು ಸಿಗೋವರೆಗೂ ತಲೆ ಎತ್ತಬೇಡ, ನಮ್ಮ ಮೇಸ್ತ್ರಿ ಕಲಿಸಿದ್ದು, ತಲೆ ಎತ್ತಿದ್ರೆ ಮನಸ್ಸು ಬರುತ್ತೆ ನೋಡು, ಮನಸ್ಸು ಬಂದ್ರೆ ಲಾರಿ ತಡ. ತಲೆ ಎತ್ತಲಿಲ್ಲ. ಪುಸ್ತಕ, ದೀಪ, ಕನ್ನಡಿಗೆ ದುಪ್ಪಟ ಸುತ್ತಿದ್ದು, ಪರದೆ, ಕಿಟಕಿಯ ಮೇಲಿದ್ದ ಬಾಚಣಿಗೆ, ನದಿ ದಂಡೆಯಿಂದ ಅವಳು ಹೆಕ್ಕಿ ತಂದ ಕಲ್ಲುಗಳು ಒಂದೊಂದೂ ಬೇರೆ ಬೇರೆ ಕಾಗದದಲ್ಲಿ, ಹಾಸಿಗೆಯ ಮೇಲುಹಾಸು, ಕಸದ ಬುಟ್ಟಿಯನ್ನು ಕಸದ ಸಮೇತ, ಫೋನಿನ ಚಾರ್ಜರನ್ನೂ ಗೋಡೆಯಿಂದ ಕಿತ್ತು ಎಲ್ಲೋ ಹಾಕಿದೆ. ಬಾಗಿಲು ಸಿಕ್ಕಿತು, ತಲೆ ಎತ್ತಿದೆ, ಹೊಸ್ತಿಲಲ್ಲಿ ಅವಳು ನಿಂತಿದ್ದಳು, ಕೋಣೆ ಬೋಳು.

ಬಾಡಿಗೆಗೆ ಯಾರು ಬರ್ತಾ ಇದಾರಮ್ಮ ಅಂದಳು ಮೆಲ್ಲಗೆ. ತಮಾಷೆ ಅಂದುಕೊಂಡು ನಕ್ಕೆ, ನಮ್ಮ ಲಾರಿಯವನು ಹೇಳೋ ಹಾಗೆ, ಅಕ್ಕನ ಕೈಗೆ ಸಿಕ್ರೆ ಗೋಡೆ ಮೇಲಿನ ಹಲ್ಲೀನೂ ಸುತ್ತಿ ಡಬ್ಬಕ್ಕೆ ಹಾಕ್ತಾಳೆ ಅನ್ನುತ್ತಾನಲ್ಲ, ಅದನ್ನು ಹೇಳಿದೆ, ಡಾಕ್ಟರ ಮನೆಯಲ್ಲಿ ಅವರ ಮಧ್ಯಾಹ್ನದ ಊಟವನ್ನೇ ಕಟ್ಟಿ ಕಳಿಸಿದ್ದನ್ನೂ ಮತ್ತೊಮ್ಮೆ ಹೇಳಿದೆ, ಚಿಕ್ಕವಳಿದ್ದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗಲಿಲ್ಲ. ಡಬ್ಬಗಳನ್ನು ನೋಡಿದಳು, ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ, ಮಗಳ ಕೋಣೆ, ಪಕ್ಕದಲ್ಲಿ ಮೇಲ್ಮುಖದ ಬಾಣ. ನನ್ನನ್ನೂ ಅಪ್ಪನ ಥರ ಅಂದ್ಕೊಂಡ್ಯಾ ಅಮ್ಮ. ಅಷ್ಟೇ ಕೇಳಿದಳು. ಒಲೆಯನ್ನೇ ಹಚ್ಚದವಳು ನಾನು, ಊಟ ಹಾಕ್ಲಾ ಅಂದೆ. ಹಾಗಾದ್ರೆ ನಾನು ಹೋಗೋದೇ ಇಲ್ಲ ಬಿಡು ಅಂದವಳು ಬರೀ ಹಾಸಿಗೆಗೆ ಬಿದ್ದು ಗೋಡೆಯ ಕಡೆ ತಿರುಗಿದಳು, ಬೆನ್ನು ಅಲ್ಲಾಡುತ್ತಿತ್ತು, ಆಮೇಲೆ ನಿಧಾನವಾಯಿತು, ಆಮೇಲೆ ನಿದ್ದೆ, ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಪಾಪ. ಅಪ್ಪನ ಥರ — ಅವನೂ ಸ್ವಲ್ಪ ದಿನಕ್ಕೇ ಅಂತ ಹೋದವನು, ಹೊರದೇಶದ ಕೆಲಸ, ಎರಡು ಪ್ಯಾಂಟು ನಾಲ್ಕು ಅಂಗಿ ಹಾಕಿಕೊಟ್ಟವಳು ನಾನೇ, ಉಳಿದದ್ದು ಇರಲಿ ಬಿಡು ಬರೋನೇ ತಾನೆ ಅಂದ, ಇತ್ತು, ಎಲ್ಲ ಇತ್ತು, ಅರ್ಧ ಸವೆದ ಸೋಪು ಒಣಗಿ ಬಿರುಕು ಬಿಡುವವರೆಗೂ ಇತ್ತು, ಅವನ ಪಾದದ ಆಕಾರ ಹೊತ್ತ ಚಪ್ಪಲಿ ಬಾಗಿಲ ಹತ್ತಿರ ಇತ್ತು, ಫೋನು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು, ಆಮೇಲೆ ಅಲ್ಲೇ ಇನ್ನೊಂದು ಸಂಸಾರ ಅಂತ ಯಾರೋ ಬಂದು ಹೇಳಿದರು, ಚಪ್ಪಲಿ ಹಾಗೇ ಇತ್ತು, ಬಿಸಾಡಲು ಕೈ ಬಾರದು, ನೋಡಲು ಕಣ್ಣು ಒಪ್ಪದು. ನೀನು ಬರುವುದಿಲ್ಲ ಅಂತ ಅಲ್ಲ ಮಗಳೇ. ಬರುತ್ತೀಯ, ಗೊತ್ತು, ನೀನು ಅವನಲ್ಲ. ಬರುವವರೆಗೂ ಈ ಬಾಚಣಿಗೆಯ ಜೊತೆ ನಾನೊಬ್ಬಳೇ ಹೇಗೆ ಇರಲಿ ಅಂತ. ಇಷ್ಟು ಹೇಳಲು ಏನು ದಾಡಿ ಬಂದಿತ್ತು ನನಗೆ, ಊಟ ಹಾಕ್ಲಾ ಅಂತೆ.

ನಡುಮನೆ ಗಡಿಯಾರದ ದೊಡ್ಡ ಮುಳ್ಳು ಹತ್ತು ದಾಟಿತು, ನಾಲ್ಕಕ್ಕೆ ಇನ್ನು ಹತ್ತು ನಿಮಿಷವೂ ಇಲ್ಲ. ಅವಳ ಫೋನು ಸತ್ತುಬಿದ್ದಿದೆ, ಅಲಾರಂ ಬಡಿಯುವುದಿಲ್ಲ, ಚಾರ್ಜರು ಯಾವ ಡಬ್ಬದಲ್ಲಿದೆಯೋ, ಟ್ಯಾಕ್ಸಿಯವನು ಫೋನು ಮಾಡಿದರೂ ಹತ್ತುವುದಿಲ್ಲ, ಕೆಳಗೆ ನಾಲ್ಕು ಸಲ ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಾನೆ, ನಾನು ಸುಮ್ಮನೆ ಕೂತರೆ ಸಾಕು, ಏನೂ ಮಾಡಬೇಕಾಗಿಲ್ಲ, ಪಾಪ ನಿದ್ದೆ ಹೋಗಿದ್ಲು ಎಬ್ಬಿಸೋಕೆ ಮನಸ್ಸಾಗಲಿಲ್ಲ ಅಂದರೆ ಯಾರು ಏನಂದಾರು, ಹೋಗಲ್ಲ ಅಂದವಳು ಅವಳೇ ತಾನೆ, ನಾಳೆಯೂ ಈ ಮಂಚ, ಈ ಹಿಮ್ಮಡಿ, ನಾನು ಕೆಲಸದಿಂದ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ದೀಪ, ಲೇಟ್ ಯಾಕಮ್ಮ ಅನ್ನುವ ಗದರಿಕೆ, ಕಾಲೇಜಿನವರು ಎರಡನೇ ಸಲ ಕಳಿಸುವುದಿಲ್ಲವಂತೆ, ಬೇಡ ಬಿಡಿ, ನದಿ ಇಲ್ಲೂ ಹರಿಯುತ್ತದೆ — ಥೂ, ಎಂಥ ಯೋಚನೆ, ತಾಯಿ ಮಾಡುವ ಯೋಚನೆಯಾ ಇದು, ಆದರೂ ಏಳುತ್ತಿಲ್ಲ, ಮುಳ್ಳು ಹನ್ನೊಂದರ ಹತ್ತಿರ, ಅವಳ ಕುತ್ತಿಗೆಯಲ್ಲಿ ಅದೇನು, ಶಾಲಿನ ಅಂಚಿನಲ್ಲಿ ಕಪ್ಪು ದಾರ, ಪಾಸ್‌ಪೋರ್ಟಿನ ಚೀಲ, ತೆಗೆದೇ ಇಲ್ಲ. ಹೋಗಲ್ಲ ಅಂದವಳು ಪಾಸ್‌ಪೋರ್ಟನ್ನು ಎದೆಗೆ ಅವಚಿಕೊಂಡು ಮಲಗಿದ್ದಾಳೆ, ಪ್ರಯಾಣದ ಬಟ್ಟೆಯನ್ನೂ ಬಿಚ್ಚಿಲ್ಲ, ಯಾವ ಧೈರ್ಯದ ಮೇಲೆ ಹೀಗೆ ಹೆಣದ ಹಾಗೆ ನಿದ್ದೆ ಮಾಡುತ್ತಿದ್ದಾಳೆ, ಪರೀಕ್ಷೆಯ ದಿನಗಳಲ್ಲೂ ಹೀಗೇ, ಅಲಾರಂ ಯಾಕೆ ಅನ್ನುತ್ತಿದ್ದಳು, ಅಮ್ಮ ಇದಾಳಲ್ಲ, ಅಮ್ಮ ಎಬ್ಬಿಸ್ತಾಳೆ.

ಮೊದಲ ಡಬ್ಬದ ಮೇಲಿನ ಟೇಪನ್ನು ಹಲ್ಲಿನಿಂದ ಕಚ್ಚಿ ಕಿತ್ತೆ, ಚರ್ರೆಂದಿತು, ಅವಳು ಮಿಸುಕಲಿಲ್ಲ, ದೀಪ ತೆಗೆದು ಮೇಜಿನ ಮೇಲಿಟ್ಟೆ, ಎಡಕ್ಕಿತ್ತೋ ಬಲಕ್ಕಿತ್ತೋ, ಬಿಚ್ಚುವ ಕೆಲಸ ನಮ್ಮದಲ್ಲ, ಅದು ಸಾಮಾನು ಹೋಗಿ ಇಳಿಯುವ ಊರಿನವರದ್ದು, ಅದಕ್ಕೇ ಗೊತ್ತಾಗುತ್ತಿಲ್ಲ, ಕಲ್ಲುಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟೆ, ಅವಳು ಇಟ್ಟ ಕ್ರಮ ಬೇರೆ ಇತ್ತು, ಇರಲಿ, ಬೈಯಲಿ, ಬಾಚಣಿಗೆ ಸಿಕ್ಕಿತು, ಒಂದು ಕೂದಲೆಳೆ ಸುತ್ತಿಕೊಂಡಿದೆ, ಬಿಡಿಸಲಿಲ್ಲ, ಹಾಗೇ ಇಟ್ಟೆ, ಚಾರ್ಜರು ಮೂರನೇ ಡಬ್ಬದಲ್ಲಿ, ಅದನ್ನು ಅವಳ ಕೈಚೀಲಕ್ಕೆ. ಕೆಳಗೆ ಹಾರ್ನ್. ಹಾಸಿಗೆಯ ಪಕ್ಕ ನಿಂತಿದ್ದೇನೆ, ಹಿಮ್ಮಡಿ ಎಷ್ಟು ದೊಡ್ಡದಾಗಿದೆ, ಯಾವಾಗ ಬೆಳೆಯಿತು ಇದು, ಬೂದು ಬಣ್ಣ ಹತ್ತಿದೆ, ಕಟ್ಟಿದ ಮೇಲೆ ನೆಲ ಗುಡಿಸಲಿಲ್ಲ ನಾನು, ಬರಿಗಾಲಲ್ಲಿ ಓಡಾಡಿದ್ದಾಳೆ, ಇನ್ನೊಂದು ಹಾರ್ನ್, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದೆ, ಏಳು ಪುಟ್ಟ, ಗಾಡಿ ಬಂತು, ನೀನು ಬರೋವರೆಗೂ ಏನನ್ನೂ ಮುಟ್ಟಲ್ಲ. ಹೂಂ ಅಂದಿತು ಗೋಡೆಯ ಕಡೆಯಿಂದ ನಿದ್ದೆಗಣ್ಣಿನ ದನಿ. ಹಿಮ್ಮಡಿ ನನ್ನ ಕೈಯಿಂದ ಜಾರಿ ಮೆಲ್ಲಗೆ ಶಾಲಿನೊಳಗೆ ಹೋಯಿತು, ಅದು ಇದ್ದಲ್ಲಿ, ಬರೀ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ, ಧೂಳಿನ ಒಂದು ಗುರುತು, ಅರ್ಧ ಚಂದ್ರದ ಹಾಗೆ, ಹಿಮ್ಮಡಿಯಷ್ಟೇ ಅಗಲ, ಅದನ್ನೂ ಮುಟ್ಟಲ್ಲ.